ರೋಡಲ್ಲಿ ಬಿಟ್ಟು ಬಂದ ಎರಡು ಕಲ್ಲು

ರಾಗಿ ಕೊಯ್ಲು ಮುಗೀತಾ ಬಂತು. ಚಿಂತಾಮಣಿಯಿಂದ ಶ್ರೀನಿವಾಸಪುರದ ಮೇಲೆ ಮುಳಬಾಗಿಲಿಗೆ ಹೋಗೋ ರಸ್ತೆ ಮೊದಲು ಹೆದ್ದಾರಿ 234, ಈಗ 69. ನಂಬರ್ ಏನಾದರೂ ಇರಲಿ, ಈ ಕಾಲದಲ್ಲಿ ನಮ್ಮ ಕಡೆ ರೋಡೆಲ್ಲಾ ಕಣ.

ಊರ ಮುಂದೆ ನಿಜವಾದ ಕಣ ಇತ್ತು. ಸಗಣಿ ಸಾರಿಸಿ, ಎತ್ತು ಕಟ್ಟಿ ಗುಂಡು ಹೊಡೀತಿದ್ವಿ. ಎತ್ತು ಹೋದವು, ಕಣದಲ್ಲಿ ಮನೆ ಎದ್ದವು. ಡಾಂಬರು ರೋಡಲ್ಲಿ ತೆನೆ ಹಾಸಿದ್ರೆ ಬಸ್ಸು ಲಾರಿ ಪುಕ್ಕಟೆ ತುಳೀತವೆ. ರಾಗಿ ಜೊತೆ ಮರಳೂ ಬರುತ್ತೆ, ಅದು ಬೇರೆ ಮಾತು.

ಮೂರು ವರ್ಷದ ಹಿಂದೆ ನಾನೂ ಹಾಸಿದ್ದೆ. ಗಾಡಿಗಳು ಅಂಚಿಗೆ ಬರಬಾರದು ಅಂತ ದಪ್ಪ ಕಲ್ಲು ಇಟ್ಟೆ. ಸಂಜೆ ರಾಗಿ ತುಂಬ್ಕೊಂಡೆ, ಎರಡು ಕಲ್ಲು ಮರೆತೆ. ರಾತ್ರಿ ಎಂಟರ ಹೊತ್ತಿಗೆ ಪಕ್ಕದೂರಿನ ಹುಡುಗನ ಬೈಕು ಅದಕ್ಕೇ ಹೊಡೀತು. ಕಾಲು ಮುರೀತು. ಟೆಂಪೋದಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದವನೂ ನಾನೇ. ಕಲ್ಲು ಯಾರದು ಅಂತ ಅವರಪ್ಪ ಕೇಳಲಿಲ್ಲ, ನಾನು ಹೇಳಲಿಲ್ಲ. ಒಂದು ವಾರ ನಿದ್ದೆ ಇಲ್ಲ. ಆಮೇಲೆ ಅವರ ಮನೆಗೇ ಹೋಗಿ ಹೇಳ್ದೆ. ಆತ ಸುಮಾರು ಹೊತ್ತು ಸುಮ್ಮನಿದ್ದು, "ನಾನೂ ಇಡ್ತೀನಲ್ಲಪ್ಪಾ" ಅಂದ.

ಕಲ್ಲು ಒಂದೇ ಅಲ್ಲ. ಒಣ ಹುಲ್ಲು ಕಾರಿನ ಕೆಳಗೆ ಸುತ್ಕೊಂಡು ಬಿಸಿ ಸೈಲೆನ್ಸರಿಗೆ ತಗುಲಿದ್ರೆ ಬೆಂಕಿ. ತೆನೆ ಮೇಲೆ ಬ್ರೇಕ್ ಹಾಕಿದ್ರೆ ಬೈಕು ಜಾರುತ್ತೆ.

ಈಗ ನಾಲ್ಕು ಮನೆ ಸೇರಿ ಮಿಷಿನ್ ಕರೆಸ್ತೀವಿ, ಗಂಟೆ ಲೆಕ್ಕ. ಹುಲ್ಲು ಪುಡಿಯಾಗುತ್ತೆ, ನಮ್ಮ ಹಸು ಮೂಗು ಮುರಿಯುತ್ತೆ, ನಿಜ. ಭಾನುವಾರ ನಮ್ಮ ಹೊಲಕ್ಕೆ ಬರುತ್ತೆ. ಸಣ್ಣ ಮೆದೆ ಇರೋರು ಶನಿವಾರ ಸಂಜೆಯೊಳಗೆ ಹೇಳಿ.