ಮೊಳೆಗೆ ತೂಕದ ಬೆಲೆ

ಹಳೆಯ ಅಚ್ಚುಕೂಟ ಬಾಗಿಲು ಹಾಕುವಾಗ ಮೊದಲು ಹೊರಬೀಳುವುದು ಅಚ್ಚುಮೊಳೆಗಳು. ಮರದ ಕೇಸುಗಳಿಂದ ಅವನ್ನು ಗೋಣಿಚೀಲಕ್ಕೆ ಸುರಿಯುತ್ತಾರೆ. ಕ ಯಾವುದು, ಳ ಯಾವುದು, ಹನ್ನೆರಡು ಪಾಯಿಂಟೋ ಹದಿನೆಂಟೋ ಎಂದು ನೋಡುವ ಗೋಜಿಲ್ಲದೆ ಗುಜರಿಯವನು ತಕ್ಕಡಿಗೆ ಹಾಕುತ್ತಾನೆ. ಸೀಸ, ಆಂಟಿಮನಿ, ತವರ ಬೆರೆತ ಆ ಲೋಹಕ್ಕೆ ಆ ದಿನದ ದರ ಇದ್ದೇ ಇರುತ್ತದೆ. ಟ್ರೆಡಲ್ ಯಂತ್ರಕ್ಕೂ ಬೀಡುಕಬ್ಬಿಣದ ದರ ಉಂಟು. ಮುದ್ರಣಕಾಶಿ ಎಂದು ಕರೆಸಿಕೊಂಡ ಗದಗಿನಲ್ಲಿ, ಬೆಂಗಳೂರಿನ ಪೇಟೆಯ ಗಲ್ಲಿಗಳಲ್ಲಿ ಇದು ಎಷ್ಟು ಸಲ ನಡೆದುಹೋಗಿದೆಯೆಂದರೆ ಈಗ ಯಾರೂ ನಿಂತು ನೋಡುವುದಿಲ್ಲ. ತಕ್ಕಡಿಗೆ ಬಾರದೆ ಉಳಿಯುವುದು ಮೊಳೆ ಜೋಡಿಸಿದವನ ಮೂವತ್ತು ವರ್ಷ. ಈಗಿನ ಹುಡುಗರು ಸುತ್ತು ಬಳಸದೆ ಕೇಳುತ್ತಾರೆ: ಪ್ರೆಸ್ಸಿನಲ್ಲಿ ದುಡಿದರೆ ತಿಂಗಳಿಗೆ ಎಷ್ಟು ಸಿಗುತ್ತದೆ? ಒಂದೇ ಅಂಕಿಯಲ್ಲಿ ಹೇಳುವ ಉತ್ತರ ಇವತ್ತೂ ಇಲ್ಲ, ಆವತ್ತೂ ಇರಲಿಲ್ಲ. ಯಾವ ಸೂರಿನ ಕೆಳಗೆ ದುಡಿಯುತ್ತೀಯಪ್ಪ ಎಂದು ತಿರುಗಿ ಕೇಳಬೇಕಾಗುತ್ತದೆ.

ಸೂರುಗಳು ಮೂರಿದ್ದವು. ಸರ್ಕಾರಿ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕಾಂಪೋಸಿಟರ್ ಎಂದರೆ ಸರ್ಕಾರಿ ನೌಕರ. ವೇತನ ಆಯೋಗ ಕೂತಾಗಲೆಲ್ಲ ಅವನ ಸಂಬಳವೂ ಒಂದು ಮೆಟ್ಟಿಲು ಏರುತ್ತಿತ್ತು. ಅಲ್ಲಿ ಉಳಿದುಕೊಂಡವರಿಗೆ 2024ರ ಆಗಸ್ಟ್‌ನಲ್ಲಿ ಜಾರಿಯಾದ ರಾಜ್ಯದ ಏಳನೇ ವೇತನ ಆಯೋಗದವರೆಗೂ ಆ ಏಣಿ ಮುರಿದಿಲ್ಲ. ಎರಡನೆಯ ಸೂರು ದಿನಪತ್ರಿಕೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಬಂದದ್ದು ಪತ್ರಕರ್ತರಿಗಾಗಿ, ಆದರೆ ಮುಂದೆ ಅದರ ನೆರಳು ಮಷೀನ್ ವಿಭಾಗದವರೆಗೂ ಚಾಚಿತು. 1980ರ ಪಾಲೇಕರ್, 1989ರ ಬಚಾವತ್, 2000ದ ಮಣಿಸಾನಾ, 2011ರ ಮಜೀಠಿಯಾ ಎಂಬ ವೇತನ ನಿಗದಿ ಮಂಡಳಿಗಳ ಹೆಸರುಗಳು ರಾತ್ರಿ ಪಾಳಿಯ ಚಹಾದ ಜೊತೆ ಚರ್ಚೆಯಾಗುತ್ತಿದ್ದವು. ಮೂರನೆಯದು ಜಾಬ್ ಪ್ರೆಸ್ಸು: ಲಗ್ನಪತ್ರಿಕೆ, ಬಿಲ್ ಪುಸ್ತಕ, ನಾಟಕದ ಕರಪತ್ರ, ನಡುನಡುವೆ ಒಂದು ಕಾದಂಬರಿ. ಇಲ್ಲಿಗೆ ಆಯೋಗವೂ ಬರಲಿಲ್ಲ, ಮಂಡಳಿಯೂ ಬರಲಿಲ್ಲ. ಇದ್ದದ್ದು 1948ರ ಕನಿಷ್ಠ ವೇತನ ಕಾಯ್ದೆ, ಅದರಡಿ ಐದು ವರ್ಷ ಮೀರದಂತೆ ಪರಿಷ್ಕರಿಸಬೇಕಾದ ಒಂದು ದರ, ಏಪ್ರಿಲ್ ಒಂದಕ್ಕೆ ಸೇರುವ ತುಟ್ಟಿಭತ್ಯೆ. ಮೂರು ಕಡೆಯೂ ಸಾಲು ಕಟ್ಟುವ ಅದೇ ಸ್ಟಿಕ್ಕು, ಅದೇ ಕೇಸು, ಅದೇ ಒತ್ತಕ್ಷರ. ಕೈಗೆ ಬರುತ್ತಿದ್ದ ಹಣ ಮಾತ್ರ ಒಂದೊಂದು ಕಡೆ ಒಂದೊಂದು ತೆರ. ಮುದ್ರಣದ ಕೆಲಸಗಾರನಿಗೆ ಕೂಲಿ ಕಟ್ಟಿದ್ದು ಅವನ ಕೈಚಳಕಕ್ಕೆ ಎಂಬ ಮಾತನ್ನು ನಾನು ನಂಬದಿರುವುದು ಇದೇ ಕಾರಣಕ್ಕೆ.

ಕೈಚಳಕವೇನೂ ಕಡಿಮೆಯದಾಗಿರಲಿಲ್ಲ. ಇಂಗ್ಲಿಷಿನ ಕೇಸನ್ನು ಕಲಿತವನು ಕನ್ನಡದ ಕೇಸಿನ ಮುಂದೆ ನಿಂತರೆ ಬೆವರುತ್ತಿದ್ದ. ಮೂಲಾಕ್ಷರಕ್ಕೊಂದು ಮನೆ, ಗುಣಿತಕ್ಕೊಂದು, ಒತ್ತಿಗೊಂದು. ಹೀಗೆ ನೂರಾರು ಮನೆಗಳು ಎದೆಯೆತ್ತರದಲ್ಲಿ ಹರಡಿಕೊಂಡಿರುತ್ತಿದ್ದವು. ಪಳಗಿದ ಕಾಂಪೋಸಿಟರ್ ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಬಲಗೈ ತನ್ನ ಪಾಡಿಗೆ ಮನೆಯಿಂದ ಮನೆಗೆ. ಮೊಳೆಯ ಮೈಮೇಲಿನ ಕಚ್ಚು ಬೆರಳಿಗೆ ತಾಕಿದೊಡನೆ ಅದರ ತಲೆ ಯಾವ ಕಡೆ, ಬುಡ ಯಾವ ಕಡೆ ಎಂಬುದು ತಿಳಿಯುತ್ತಿತ್ತು. ಎಡಗೈಯ ಸ್ಟಿಕ್ಕಿನಲ್ಲಿ ಸಾಲು ತಲೆಕೆಳಗಾಗಿ ಕೂರುತ್ತಿತ್ತು. ಅದನ್ನು ಹಾಗೇ ಓದಿ ಲೇಖಕನ ಕಾಗುಣಿತವನ್ನೂ ತಿದ್ದಿಬಿಡುವವರಿದ್ದರು. ಪಕ್ಕದ ಕೋಣೆಯಲ್ಲಿ ಸರೇಸು ಮತ್ತು ಬೆಲ್ಲ ಕಾಯಿಸಿ ಎರಕ ಹೊಯ್ದ ರೋಲರು, ಚೈತ್ರದ ಸೆಕೆಗೆ ಮೆತ್ತಗಾಗಿ ಜೋತುಬೀಳುವಂಥದ್ದು. ಅಚ್ಚಿಗೆ ಪುಟಗಳನ್ನು ಕಟ್ಟಿದ ಫಾರಂ ತೊಳೆದ ಸೀಮೆಎಣ್ಣೆ, ಶಾಯಿ, ಹುಳು ಬಾರದಿರಲೆಂದು ಮೈಲುತುತ್ತ ಬೆರೆಸಿದ ಮೈದಾ ಗೋಂದು, ಇವೆಲ್ಲ ಸೇರಿದ ಘಾಟು ಅಂಗಿಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡುತ್ತಿರಲಿಲ್ಲ. ಅಚ್ಚುಕೂಟ ಎಂದಾಗ ಈಗಲೂ ಮೂಗಿಗೆ ಬರುವುದು ಅದೇ. ಆ ಘಾಟನ್ನು ಹೊಗಳಿ ಬರೆಯುವುದು ಸುಲಭ. ಮಂದ ಬಲ್ಬಿನ ಕೆಳಗೆ ಕಣ್ಣು ಕಳೆದುಕೊಂಡವರ, ಸೀಸ ಮುಟ್ಟಿದ ಕೈಯಲ್ಲೇ ಬುತ್ತಿ ಉಂಡವರ ಲೆಕ್ಕ ಆ ಬರಹಗಳಲ್ಲಿ ಕಾಣಿಸುವುದಿಲ್ಲ.

ದರ ಕುದುರಿಸುವ ರೀತಿಯನ್ನು ನೋಡಿದರೆ ಹಣದ ದಾರಿ ಸ್ಪಷ್ಟವಾಗುತ್ತದೆ. ಪ್ರಕಾಶಕನೂ ಮಾಲೀಕನೂ ಫಾರಮಿನ ಲೆಕ್ಕದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಮಾಲೀಕ ಒಳಗೆ ಬಂದು ಕಾಂಪೋಸಿಟರ್ ಜೊತೆ ಪುಟದ ಲೆಕ್ಕ ಹಿಡಿಯುತ್ತಿದ್ದ. ಪುಟದ ಲೆಕ್ಕವಾದ್ದರಿಂದ ಕವನ ಸಂಕಲನ ಬಂದರೆ ಕಾಂಪೋಸಿಟರಿಗೆ ಹಬ್ಬ. ಅರ್ಧ ಪುಟ ಬಿಳಿ, ಕೂಲಿ ಪೂರ್ತಿ. (ಕನ್ನಡ ಕವಿಗಳನ್ನು ಇಷ್ಟು ಮನಸಾರೆ ಹರಸಿದ ಇನ್ನೊಂದು ವರ್ಗ ಇರಲಾರದು.) ಪಂಚಾಂಗ, ನಿಘಂಟು ಬಂದರೆ ಮುಖ ಸಣ್ಣಗಾಗುತ್ತಿತ್ತು. ಲೇಖಕ ಪ್ರೂಫಿನಲ್ಲಿ ಒಂದು ವಾಕ್ಯ ಸೇರಿಸಿದರೆ ಇಡೀ ಪ್ಯಾರಾ ಬಿಚ್ಚಿ ಮತ್ತೆ ಕಟ್ಟಬೇಕು. ಆ ಹೊತ್ತಿಗೆ ಕೊಡುವವರಿಲ್ಲ. ಅಚ್ಚಾದ ಫಾರಮಿನ ಮೊಳೆಗಳನ್ನು ಮರಳಿ ಮನೆಮನೆಗೆ ಹಂಚುವ ಕೆಲಸ ಪುಟದ ದರದೊಳಗೇ ಸೇರಿಹೋಗಿರುತ್ತಿತ್ತು. ಇನ್ನೂ ಒಂದಿದೆ. ಮಾಲೀಕ ಕಡಿಮೆ ಮೊಳೆ ಕೊಂಡಿದ್ದರೆ ಹದಿನಾರು ಪುಟ ಕಟ್ಟುವಷ್ಟರಲ್ಲಿ ‘ರ’ ಮುಗಿದುಹೋಗುತ್ತದೆ. ಹಿಂದಿನ ಫಾರಂ ಯಂತ್ರದಿಂದ ಇಳಿಯುವ ತನಕ ಕೈಕಟ್ಟಿ ನಿಲ್ಲಬೇಕು. ಬಂಡವಾಳ ಸಾಲದ್ದು ಮಾಲೀಕನಿಗೆ, ಕೂಲಿ ಮುರಿಯುತ್ತಿದ್ದದ್ದು ಕಾಂಪೋಸಿಟರನದು. ಜಾಬ್ ಪ್ರೆಸ್ಸಿನ ಕೂಲಿಯ ಗುಟ್ಟೆಲ್ಲ ಇದರಲ್ಲಿದೆ: ಕೆಲಸ ನಿಂತ ಹೊತ್ತಿನ ನಷ್ಟ ಯಾರ ತಲೆಗೆ? ಮೊದಲಿನ ಎರಡು ಸೂರುಗಳಲ್ಲಿ ಅದು ಸಂಸ್ಥೆಯ ತಲೆಗೆ, ಇಲ್ಲಿ ಆಳಿನ ತಲೆಗೆ. ಆ ನಷ್ಟ ತುಂಬಿಕೊಳ್ಳಲು ಮುಂಗಡ, ಮುಂಗಡದ ಋಣಕ್ಕೆ ಅದೇ ಪ್ರೆಸ್ಸಿನಲ್ಲಿ ಮತ್ತೊಂದು ವರ್ಷ.

ಕಾಯ್ದೆ ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಆದರೆ ತಲೆ ಎಣಿಸಿ ಒಳಗೆ ಬರುತ್ತಿತ್ತು. 1948ರ ಕಾರ್ಖಾನೆ ಕಾಯ್ದೆಗೆ ವಿದ್ಯುತ್ ಇರುವಲ್ಲಿ ಹತ್ತು ಆಳು ಬೇಕಿತ್ತು. ಹೆಚ್ಚುವರಿ ಹೊತ್ತಿಗೆ ಎರಡು ಪಟ್ಟು ಕೂಲಿ ಎಂಬ ನಿಯಮ ಅದರೊಳಗಿನದು. 1972ರ ಗ್ರ್ಯಾಚುಯಿಟಿ ಕಾಯ್ದೆಗೂ ಹತ್ತು, ಭವಿಷ್ಯನಿಧಿಗೆ ಇಪ್ಪತ್ತು. ಎಂಟು ಆಳಿನ ಪ್ರೆಸ್ಸು ಎಂಟರಲ್ಲೇ ಏಕೆ ನಿಲ್ಲುತ್ತಿತ್ತು, ಅದೇ ಕಟ್ಟಡದ ಬೈಂಡಿಂಗಿಗೆ ಬೇರೆ ಹೆಸರಿನ ಬೋರ್ಡು ಏಕೆ ನೇತಾಡುತ್ತಿತ್ತು ಎಂಬುದನ್ನು ಆ ಗಲ್ಲಿಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಐದು ವರ್ಷ ದುಡಿದವನಿಗೆ ವರ್ಷಕ್ಕೆ ಹದಿನೈದು ದಿನದ ಕೂಲಿಯಂತೆ ಗ್ರ್ಯಾಚುಯಿಟಿ ಎನ್ನುತ್ತಿತ್ತು ಆ ಕಾಯ್ದೆ. ಎಂಟು ಆಳಿನ ಸೂರಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಒಂದು ದಿನದ್ದೂ ಇರಲಿಲ್ಲ. ಗುಜರಿಗೆ ಹೋದ ಮೊಳೆಗಳ ಚೀಲದ ಬೆಲೆ ಕೊನೆಗೆ ಅವನ ಕೈಗೆ ಬಂದದ್ದಕ್ಕಿಂತ ಹೆಚ್ಚು ಎಂದರೆ ಅಲಂಕಾರದ ಮಾತು ಎಂದುಕೊಳ್ಳಬೇಡಿ, ಬರೀ ಕೂಡುಲೆಕ್ಕ.

ಆಮೇಲೆ ಆಫ್‌ಸೆಟ್ ಬಂತು, ಡಿಟಿಪಿ ಬಂತು, ಮೊಳೆ ಹೋಯಿತು. ಟ್ರೆಡಲಿಗೆ ಕೈಯಿಂದ ಹಾಳೆ ಕೊಡುತ್ತಿದ್ದವನು ತಾಸಿಗೆ ಸಾವಿರ ಅಚ್ಚು ತೆಗೆದರೆ ಶಹಬ್ಬಾಸ್. ಹೈಡಲ್‌ಬರ್ಗ್ ಯಂತ್ರ ಅದನ್ನು ಐದು ಸಾವಿರಕ್ಕೆ ಒಯ್ದಿತು. ಇವತ್ತಿನ ನಾಲ್ಕು ಬಣ್ಣದ ಆಫ್‌ಸೆಟ್ ತಾಸಿಗೆ ಹದಿನೈದು ಸಾವಿರ ಹಾಳೆ ಓಡಬಲ್ಲದು, ಅದೂ ನಾಲ್ಕು ಬಣ್ಣ ಒಂದೇ ಸಲಕ್ಕೆ. ಕೂಲಿ ಹಾಗೆ ಓಡಲಿಲ್ಲ. ಯಂತ್ರಕ್ಕೆ ಬಂಡವಾಳ ಹಾಕಿದವನು ಬ್ಯಾಂಕಿನ ಕಂತು ಕಟ್ಟಬೇಡವೇ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಶಿವಕಾಶಿಯ ದರಕ್ಕೆ ಎದುರು ನಿಲ್ಲಬೇಕು, ಟೆಂಡರಿನಲ್ಲಿ ಅತಿ ಕಡಿಮೆ ಬರೆದವನಿಗೇ ಕೆಲಸ, ಕಾಗದದ ಬೆಲೆ ಮಾಲೀಕನ ಕೈಯಲ್ಲಿಲ್ಲ. ಲಗ್ನಪತ್ರಿಕೆ ಮೊಬೈಲಿಗೆ ಹಾರಿತು. ಚುನಾವಣೆಯ ಸುಗ್ಗಿಯಲ್ಲಿ ದೊಡ್ಡ ಪಾಲು ಫ್ಲೆಕ್ಸಿನವರಿಗೆ ಹೋಯಿತು. ಇದೆಲ್ಲ ನಿಜ. ಆದರೆ ಕಾಗದದ ವ್ಯಾಪಾರಿಯ ಹತ್ತಿರ, ಬ್ಯಾಂಕಿನ ಹತ್ತಿರ ಚೌಕಾಸಿ ನಡೆಯದ ಮಾಲೀಕನಿಗೆ ಚೌಕಾಸಿಗೆ ಉಳಿದದ್ದು ಆಳು ಒಬ್ಬನೇ. ನಷ್ಟ ಹೊರುವ ತಲೆ ಮೊಳೆಯ ಕಾಲದಲ್ಲಿ ಯಾವುದೋ, ಈಗಲೂ ಅದೇ.

ಕಲಿತವನಿಗೆ ಇವತ್ತು ಒಳ್ಳೆಯ ಸಂಬಳ ಇದೆಯಲ್ಲ ಎನ್ನುವವರಿಗೂ ಉತ್ತರ ಹೇಳಬೇಕು. ಇದೆ. 2017ರಿಂದ ಇಎಸ್‌ಐ ವಿಮೆಗೆ ಒಳಪಡುವ ಸಂಬಳದ ಮಿತಿ ತಿಂಗಳಿಗೆ ₹21,000. ಆ ಗೆರೆಯನ್ನೇ ಅಳತೆಗೋಲು ಮಾಡಿಕೊಂಡರೆ ಬೆಂಗಳೂರಿನಲ್ಲಿ ನಾಲ್ಕು ಬಣ್ಣದ ಯಂತ್ರ ಹಿಡಿದ ಒಳ್ಳೆಯ ಆಪರೇಟರ್ ಅದರ ಮೇಲಿದ್ದಾನೆ, ಅವನ ಸಹಾಯಕ ಕೆಳಗಿದ್ದಾನೆ. ಔಷಧಿ ಡಬ್ಬಿ, ಬಿಸ್ಕತ್ ಪೊಟ್ಟಣದ ಪ್ಯಾಕೇಜಿಂಗ್ ಕಾರ್ಖಾನೆಗೆ ಹೋದವನು ಇನ್ನೂ ಮೇಲೆ. ನೀರು ಶಾಯಿಯ ಹದ ಹಿಡಿದು, ಮಸೂರ ಇಟ್ಟು ಚುಕ್ಕಿ ನೋಡಿ, ಐವತ್ತು ಹಾಳೆ ಹಾಳಾಗುವಷ್ಟರಲ್ಲಿ ಬಣ್ಣ ಕೂರಿಸುವವನಿಗೂ ಐನೂರು ಹಾಳು ಮಾಡುವವನಿಗೂ ಬೆಲೆಯಲ್ಲಿ ವ್ಯತ್ಯಾಸ ಇರುವುದು ಸರಿಯೇ. ಆದರೆ ಯಂತ್ರಕ್ಕೆ ಅಂಥವನು ಒಬ್ಬ. ಅವನಾಗಲು ಸಹಾಯಕನಾಗಿ ಕಳೆಯಬೇಕಾದ ವರ್ಷಗಳಿಗೆ ಸಿಗುವುದು ಕನಿಷ್ಠ ವೇತನದ ಆಸುಪಾಸು. ಬೆಂಗಳೂರಿನಲ್ಲಿ ಸರ್ಕಾರಿ ಮುದ್ರಣ ತಂತ್ರಜ್ಞಾನ ಸಂಸ್ಥೆ ಇದೆ, ಮುದ್ರಣದ ಡಿಪ್ಲೊಮಾ ಇದೆ. ಆದರೂ ಆಪರೇಟರ್ ಸಿಗುತ್ತಿಲ್ಲ, ಹುಡುಗರೆಲ್ಲ ಡೆಲಿವರಿ ಬೈಕ್ ಹತ್ತಿದರು ಎಂದು ಮಾಲೀಕರು ಗೊಣಗುತ್ತಾರೆ. ಬೈಕ್ ಹತ್ತದೆ ಇನ್ನೇನು ಮಾಡಿಯಾರು? ಅತ್ತ ಪತ್ರಿಕೆಯ ಸೂರೂ ಮೊದಲಿನಂತಿಲ್ಲ. ಮಜೀಠಿಯಾ ಶಿಫಾರಸನ್ನು ಸುಪ್ರೀಂ ಕೋರ್ಟ್ 2014ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು; ಆ ಹೊತ್ತಿಗಾಗಲೇ ಮಷೀನ್ ವಿಭಾಗಕ್ಕೆ ಗುತ್ತಿಗೆ ಪದ್ಧತಿ ನುಗ್ಗಿತ್ತು. ಮೂರನೆಯ ಸೂರು ಎರಡನೆಯದನ್ನು ನುಂಗುತ್ತಿದೆ.

ಬೈಂಡಿಂಗಿನ ಹೆಂಗಸರ ವಿಷಯದಲ್ಲಂತೂ ಬದಲಾವಣೆ ಎಂಬ ಪದವನ್ನು ಬಳಸಲು ಸಂಕೋಚವಾಗುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಎಲುಬಿನ ಪಟ್ಟಿಯಿಂದ ಹಾಳೆ ಮಡಿಸಿ, ಫಾರಂ ಒಂದರ ಮೇಲೊಂದು ಜೋಡಿಸಿ, ಪುಟ ತಪ್ಪದಂತೆ ಹೊಲಿಯುವ ಕೆಲಸ. ಒಂದು ಫಾರಂ ಹಿಂದು ಮುಂದಾದರೆ ಇಡೀ ಪುಸ್ತಕ ರದ್ದಿ. ಕೂಲಿ ಮಾತ್ರ ಸಾವಿರ ಫಾರಮಿಗೆ ಇಷ್ಟು ಎಂದು; ಕೆಲಸದ ಹೆಸರು ಈಗಲೂ ಹೆಲ್ಪರ್.

1867ರ ಪುಸ್ತಕ ನೋಂದಣಿ ಕಾಯ್ದೆಯಂತೆ ಪ್ರತಿ ಪುಸ್ತಕದ ಮೇಲೂ ಮುದ್ರಕನ ಹೆಸರು ಹಾಕಬೇಕಿತ್ತು. ಮುದ್ರಕ ಎಂದರೆ ಪ್ರೆಸ್ಸು, ಅಂದರೆ ಮಾಲೀಕ. ಮೊಳೆ ಇರುವಷ್ಟು ಕಾಲ ಕಾಂಪೋಸಿಟರನ ಹೆಸರು ಆ ಪುಟಕ್ಕೆ ಬಂದದ್ದು ಅಪರೂಪ. ಈಗ ಕನ್ನಡ ಪುಸ್ತಕದ ಎರಡನೇ ಪುಟ ತೆರೆದರೆ ಮುಖಪುಟ ಕಲಾವಿದರ ಹೆಸರಿರುತ್ತದೆ, ಅಕ್ಷರ ಜೋಡಣೆ ಎಂದು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿದವರ ಹೆಸರೂ ಇರುತ್ತದೆ. ಸಂತೋಷ. ಅದರ ಕೆಳಗಿನ ಸಾಲಿನಲ್ಲಿ ‘ಮುದ್ರಣ’ ಎಂದಿದ್ದು, ಮುಂದೆ ಪ್ರೆಸ್ಸಿನ ವಿಳಾಸ, ಫೋನ್ ನಂಬರು.