ಕಟ್ಟಡ ಎದ್ದಿತು, ನಾಟಕ ನಿಂತಿತು

ನಮ್ಮೂರ ರಂಗಕೇಂದ್ರ ಏಕೆ ಮುಚ್ಚಿತು ಎಂದು ಕೇಳಿದವರಿಗೆಲ್ಲ ನಾನು ಮೊದಮೊದಲು ಹೇಳುತ್ತಿದ್ದದ್ದು ದುಡ್ಡಿನ ಅಡಚಣೆ ಎಂದು. ಆಮೇಲೆ ಕೊರೊನಾ ಎಂದೆ. ಎರಡನ್ನೂ ಜನ ನಂಬಿದರು, ಮರುಕಪಟ್ಟರು. ಆದರೆ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬರುವ ಹೊತ್ತಿಗೆ ನಮ್ಮಲ್ಲಿಗೆ ಪ್ರೇಕ್ಷಕರು ಬರುವುದು ನಿಂತು ಬಹಳ ಕಾಲವಾಗಿತ್ತು. ಕೈಯಲ್ಲಿ ಕಾಸಿಲ್ಲದಾಗ ಚೆನ್ನಾಗಿ ನಡೆದಿದ್ದ ನಾಟಕ, ಕಾಸು ಕೂಡಿ ಕಟ್ಟಡ ಎದ್ದ ಮೇಲೆ ನಿಂತುಹೋಯಿತು. ಅದು ನನ್ನ ಮುಂದಾಳತ್ವದಲ್ಲಿ, ನನ್ನ ನಿರ್ಧಾರಗಳಿಂದ ಆಯಿತು. ಬೇರೆ ಊರುಗಳಲ್ಲಿ ಈಗ ಇದೇ ಕನಸು ಕಟ್ಟುತ್ತಿರುವವರಿಗೆ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಬೈರಕೂರು ಮುಳಬಾಗಿಲು ತಾಲ್ಲೂಕಿನ ಗಡಿ ಹೋಬಳಿ. ಪೂರ್ವಕ್ಕೆ ಸ್ವಲ್ಪ ದೂರ ಹೋದರೆ ಆಂಧ್ರ. ಅನೇಕರಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ನದಿಯ ಆಸರೆ ಇಲ್ಲದ ಸೀಮೆಯಾದ್ದರಿಂದ ಬದುಕು ನಿಂತಿರುವುದು ಕೆರೆ, ಕೊಳವೆಬಾವಿ, ಹಸುಗಳ ಮೇಲೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡೈರಿಗೆ ಹಾಲು ಹಾಕಲೇಬೇಕು. ಟೊಮೆಟೊ ಕೀಳುವ ಕಾಲದಲ್ಲಿ ಬಾಕ್ಸು ತುಂಬಿ ವಡ್ಡಹಳ್ಳಿ ಮಾರುಕಟ್ಟೆಗೆ ಕಳಿಸುವ ತನಕ ಯಾರಿಗೂ ಪುರುಸೊತ್ತಿಲ್ಲ. ಇಂಥ ಊರಿನಲ್ಲಿ ನಾಟಕ ನೋಡಲು ಜನ ಯಾವಾಗ ಬರುತ್ತಾರೆ ಎಂಬುದನ್ನು ಹಸುವಿನ ಕೆಚ್ಚಲು ತೀರ್ಮಾನಿಸುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆತೆ.

ನಾವು ಶುರು ಮಾಡಿದ್ದು ಹುಣಸೆ ತೋಪಿನ ಪಕ್ಕದ ಒಂದು ಶೀಟಿನ ಕೊಟ್ಟಿಗೆಯಲ್ಲಿ. ನಾನು ಆಗ ಶಾಲೆಯ ಮೇಷ್ಟ್ರು. ಬೇಸಿಗೆ ರಜೆಯಲ್ಲಿ ಮಕ್ಕಳ ಶಿಬಿರ, ತಿಂಗಳಿಗೊಂದು ಸಣ್ಣ ನಾಟಕ, ಊರ ಹೆಂಗಸರಿಂದ ಸೋಬಾನೆ, ಕೇರಿಯ ಹಿರಿಯರಿಂದ ತಮಟೆ. ಸಂಜೆ ಡೈರಿಗೆ ಹಾಲು ಹಾಕಿ, ಅಡುಗೆ ಮುಗಿಸಿ ಹೆಂಗಸರು ಬಂದು ಚಾಪೆ ಹಾಸಿಕೊಂಡ ಮೇಲೆಯೇ ನಾಟಕ. ಪಾತ್ರಗಳು ಕನ್ನಡದಲ್ಲಿ ಮಾತು ಶುರುಮಾಡಿ ತೆಲುಗಿನಲ್ಲಿ ಜಗಳವಾಡಿ ಮತ್ತೆ ಕನ್ನಡಕ್ಕೆ ಬರುತ್ತಿದ್ದವು. ನಮ್ಮ ಮನೆಗಳಲ್ಲಿ ನಡೆಯುವುದೂ ಹಾಗೆಯೇ. ಕೊಟ್ಟಿಗೆ ಕೇರಿಗೆ ಅಂಟಿಕೊಂಡಿತ್ತು. ಕೇರಿಯವರು ತಮ್ಮ ಮನೆಯಂಗಳಕ್ಕೆ ಬಂದಂತೆ ಬರುತ್ತಿದ್ದರು. ಊರಿನವರು ಅಲ್ಲಿಗೆ ಬರಬೇಕಿತ್ತು, ಬರುತ್ತಿದ್ದರು. ನಮ್ಮ ಊರುಗಳನ್ನು ಬಲ್ಲವರಿಗೆ ಅದು ಎಷ್ಟು ದೊಡ್ಡ ಮಾತೆಂದು ಬಿಡಿಸಿ ಹೇಳಬೇಕಿಲ್ಲ.

ನಮಗಿಂತ ಮೊದಲೂ ಇಲ್ಲಿ ನಾಟಕವಿತ್ತು. ಹಳೆ ಮೈಸೂರಿನ ಬೇರೆ ಊರುಗಳಂತೆ ಇಲ್ಲಿಯೂ ಕುರುಕ್ಷೇತ್ರದಂಥ ಪೌರಾಣಿಕ ನಾಟಕ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪದ್ಯ ಕಲಿಸುತ್ತಾರೆ. ಪಾತ್ರ ಮಾಡುವವನೇ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನರಿಗೆ ಹೆಚ್ಚು, ಸಣ್ಣ ಪಾತ್ರಕ್ಕೆ ಕಡಿಮೆ. ಸೀನರಿ, ಡ್ರೆಸ್ಸು, ಲೈಟು ಬಾಡಿಗೆಗೆ ಬಂದು ಬೆಳಗಾಗುತ್ತಲೇ ಗಾಡಿ ಹತ್ತುತ್ತವೆ. ಪಾತ್ರಧಾರಿಯ ನೆಂಟರಿಷ್ಟರು ಹಾರ ಹಾಕಲು ಬರುತ್ತಾರೆ, ಬಂದವರು ಬೆಳಗಿನ ತನಕ ಕೂರುತ್ತಾರೆ. ಹವ್ಯಾಸಿ ರಂಗಭೂಮಿಯ ಗಾಳಿ ಕುಡಿದ ನಾನು ಇದನ್ನು ಕೀಳಾಗಿ ಕಂಡೆ. ಆದರೆ ಆ ಪದ್ಧತಿಯಲ್ಲಿ ಒಂದು ಗಟ್ಟಿ ಲೆಕ್ಕವಿತ್ತು: ಖರ್ಚು ಒಂದು ರಾತ್ರಿಗೆ ಮುಗಿಯುತ್ತಿತ್ತು, ಆ ಖರ್ಚನ್ನು ಊರೇ ಹೊರುತ್ತಿತ್ತು.

ಈ ಹೊತ್ತಿಗೆ ನಾನು ಹೆಗ್ಗೋಡಿನ ನೀನಾಸಂಗೂ ಕೋಲಾರದ ತೇರಹಳ್ಳಿ ಬೆಟ್ಟದ ಆದಿಮ ಸಾಂಸ್ಕೃತಿಕ ಕೇಂದ್ರಕ್ಕೂ ಹೋಗಿ ಬಂದೆ. ನೀನಾಸಂನ ರಂಗಮಂದಿರ, ಅಲ್ಲಿಯ ವಿದ್ಯಾರ್ಥಿಗಳ ಶಿಸ್ತು ಕಂಡು ತಲೆ ತಿರುಗಿತು. ಅಡಿಕೆ ಬೆಳೆಗಾರರ ಒಂದು ಹಳ್ಳಿಯಲ್ಲಿ ಕೂತು ಕೆ.ವಿ. ಸುಬ್ಬಣ್ಣನವರು ಇಷ್ಟನ್ನು ಕಟ್ಟಿ, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನೂ ಪಡೆದರೆಂದರೆ ಬೈರಕೂರಿನಲ್ಲಿ ಏಕಾಗಬಾರದು ಎಂದುಕೊಂಡೆ. ಅಲ್ಲಿ ಕಣ್ಣಿಗೆ ಬಿದ್ದದ್ದು ಕಟ್ಟಡ. ಅದರ ಹಿಂದಿನ ವರ್ಷಗಳನ್ನು ನಾನು ಎಣಿಸಲಿಲ್ಲ. ನೀನಾಸಂ ಹುಟ್ಟಿದ್ದು 1949ರಲ್ಲಿ. ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1970ರ ದಶಕದ ಆರಂಭದಲ್ಲಿ. ರಂಗಶಿಕ್ಷಣ ಕೇಂದ್ರ 1980ರಲ್ಲಿ, ತಿರುಗಾಟ 1985ರಲ್ಲಿ. ಎರಡು ದಶಕಕ್ಕೂ ಹೆಚ್ಚು ಕಾಲ ನಾಟಕ ಆಡಿ, ನೋಡಿ, ನೋಡುವವರನ್ನು ಬೆಳೆಸಿದ ಮೇಲೆ ಆ ಸೂರು ಬಂತು. ನಾನು ಸೂರಿನಿಂದ ಶುರುಮಾಡಲು ಹೊರಟೆ.

ರಸ್ತೆ ಬದಿಯಲ್ಲಿ ಜಾಗ ಸಿಕ್ಕಿತು. ದಾನಿಗಳು ಕೊಟ್ಟರು, ಸಾಲದಾಗ ಸಾಲ ಮಾಡಿದೆವು. ಎತ್ತರದ ವೇದಿಕೆ, ಸಾಲು ಕುರ್ಚಿ, ಲೈಟು, ಗ್ರೀನ್ ರೂಮು. ಉದ್ಘಾಟನೆಯ ದಿನ ಜನ ಕಿಕ್ಕಿರಿದರು. ಮರುತಿಂಗಳಿಂದ ಬೇರೆಯೇ ಲೆಕ್ಕ ಶುರುವಾಯಿತು. ಕೊಟ್ಟಿಗೆಯಲ್ಲಿ ನಾಟಕ ಇಲ್ಲದ ತಿಂಗಳು ಖರ್ಚೂ ಇರಲಿಲ್ಲ. ಕಟ್ಟಡಕ್ಕೆ ನಾಟಕ ಇದ್ದರೂ ಇಲ್ಲದಿದ್ದರೂ ಸಾಲದ ಕಂತು, ಕರೆಂಟು ಬಿಲ್ಲು, ಕಾವಲುಗಾರನ ಸಂಬಳ, ಮಳೆಗಾಲದಲ್ಲಿ ಸೋರಿಕೆ. ದಾನ ಕೊಡುವವರು ವೇದಿಕೆಗೆ, ಹೆಸರಿನ ಕಲ್ಲಿಗೆ ಕೊಡುತ್ತಾರೆ. ಕರೆಂಟು ಬಿಲ್ಲಿಗೆ ಕೊಡುವುದಿಲ್ಲ. ಕಾರ್ಯಕ್ರಮಕ್ಕೆಂದು ಬರುವ ಅನುದಾನ ಮೊದಲು ನಮ್ಮ ಕೈಯಿಂದ ಖರ್ಚಾಗಿ, ಬಿಲ್ಲು ಸಲ್ಲಿಸಿ, ಕಾದ ಮೇಲೆ ಬರುತ್ತದೆ. ಕಂತು ಕಾಯುವುದಿಲ್ಲ.

ಆ ಕಂತು ನಮ್ಮ ಮುಖವನ್ನು ಹೊರಗಿನವರ ಕಡೆ ತಿರುಗಿಸಿತು. ಉಳಿದ ತಪ್ಪುಗಳೆಲ್ಲ ಇಲ್ಲಿಂದಲೇ ಹುಟ್ಟಿದವು.

ಮೊದಲು ಹೊತ್ತು ಹೋಯಿತು. ದಾನಿಗಳನ್ನು, ಗಣ್ಯರನ್ನು ಕರೆಯಬೇಕು. ಅವರು ಕತ್ತಲಾಗುವ ಮುನ್ನ ವಾಪಸು ಹೊರಡಬೇಕು. ಹಾಗಾಗಿ ನಾಟಕ ರಾತ್ರಿಯಿಂದ ಸಂಜೆ ನಾಲ್ಕಕ್ಕೆ ಬಂತು. ಅದು ಹಾಲು ಕರೆಯುವ ಹೊತ್ತು. ಹೆಂಗಸರು ಬರುವುದು ಬಿಟ್ಟರು. ಅವರ ಸೊಂಟದ ಮೇಲೆ, ಸೆರಗು ಹಿಡಿದು ಬರುತ್ತಿದ್ದ ಮಕ್ಕಳೂ ಬಿಟ್ಟರು. ಅತಿಥಿಗಳ ಬಿಡುವು ನೋಡಿ ದಿನವೂ ಬದಲಾಗತೊಡಗಿತು. ಇಂದು ನಾಟಕ ಇದೆಯೋ ಇಲ್ಲವೋ ಎಂದು ಊರವರೇ ಕೇಳುವಂತಾಯಿತು.

ಆಮೇಲೆ ಭಾಷೆ ಹೋಯಿತು. ಸ್ಪರ್ಧೆಗೆ, ಉತ್ಸವಗಳಿಗೆ ಹೋಗುವ ನಾಟಕದಲ್ಲಿ ತೆಲುಗು ಬೆರೆತರೆ ಏನಂದುಕೊಂಡಾರು ಎಂದು ನಾನೇ ಅಳುಕಿದೆ. ಗಡಿಯಲ್ಲಿ ಕನ್ನಡ ಉಳಿಸುತ್ತಿದ್ದೇವೆ ಎಂದು ಮನವಿಗಳಲ್ಲಿ ಬರೆದುಕೊಳ್ಳುತ್ತಿದ್ದ ಹೊತ್ತಿನಲ್ಲೇ, ಮನೆಯಲ್ಲಿ ತೆಲುಗಾಡುವ ಹುಡುಗ ಹುಡುಗಿಯರ ಬಾಯಿಗೆ ಪುಸ್ತಕದ ಮಾತು ತುರುಕಿದೆ. ಕೊಟ್ಟಿಗೆಯಲ್ಲಿ ಅವರು ಕನ್ನಡವನ್ನು ಪ್ರೀತಿಯಿಂದ ಆಡುತ್ತಿದ್ದರು. ತಪ್ಪಾದರೆ ತೆಲುಗಿನ ಮೆಟ್ಟಿಲು ಹತ್ತಿ ದಾಟುತ್ತಿದ್ದರು. ಹೊಸ ವೇದಿಕೆಯಲ್ಲಿ ತಪ್ಪಾಗುತ್ತದೆಂಬ ಹೆದರಿಕೆಗೆ ಬಾಯಿ ಕಟ್ಟಿತು. ಚೆನ್ನಾಗಿ ನಟಿಸುತ್ತಿದ್ದ ಕೆಲವರು ಹಿಂದೆ ಸರಿದರು.

ಕೊನೆಗೆ ಕೇರಿ ದೂರವಾಯಿತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ತಮಟೆಯ ಹಿರಿಯರು ಕೊಟ್ಟಿಗೆಯ ದಿನಗಳಲ್ಲಿ ನಾಟಕದ ಒಳಗಿದ್ದರು. ಯಾವ ದೃಶ್ಯಕ್ಕೆ ಯಾವ ಗತ್ತು ಎಂದು ಅವರೇ ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಕಟ್ಟಡಕ್ಕೆ ಹೋದ ಮೇಲೆ ಅತಿಥಿಗಳ ಕಾರು ಬಂದಾಗ ಬಾಗಿಲಲ್ಲಿ ಬಾರಿಸಲು ಅವರನ್ನು ಕರೆಯತೊಡಗಿದೆವು. ಒಳಗೆ ಕುರ್ಚಿ ತುಂಬಿದ್ದರೆ ಅವರು ಹೊರಗೇ ಉಳಿಯುತ್ತಿದ್ದರು. ಒಂದು ಸಂಜೆ ಅವರಲ್ಲಿ ಹಿರಿಯರು ತಮಟೆಗೆ ಬಟ್ಟೆ ಸುತ್ತುತ್ತಾ ಹೇಳಿದರು: “ಮುಂಚೆ ನಾಟ್ಕಕ್ಕೆ ಕರೀತಿದ್ರಿ ಮೇಷ್ಟ್ರೇ, ಈಗ ಮೆರವಣಿಗೆಗೆ ಕರೀತೀರ.” ನಾನು ಏನೋ ಸಮಾಧಾನ ಹೇಳಿದೆ. ಅವರು ಜಗಳವಾಡಲಿಲ್ಲ. ಮತ್ತೆ ಬರಲೂ ಇಲ್ಲ. ಹಿಂದೆ ಕೋಲಾರ ಜಿಲ್ಲೆಯೊಳಗೇ ಇದ್ದ, ಈಗಿನ ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂದಾಗ ನಾಡೆಲ್ಲ ಸಂತೋಷಪಟ್ಟಿತು. ಆ ಸುದ್ದಿ ಓದುವಾಗ ನಮ್ಮ ಬಾಗಿಲಲ್ಲಿ ನಿಂತಿದ್ದವರ ನೆನಪಾಗಿ ಪತ್ರಿಕೆ ಮಡಿಸಿಟ್ಟೆ.

ಕೇಂದ್ರ ಮುಚ್ಚಿದ ದಿನ ಒಂದು ಸಂಗತಿ ನನ್ನನ್ನು ಸಾಲಕ್ಕಿಂತ ಹೆಚ್ಚು ನೋಯಿಸಿತು. ಏಕೆ ಮುಚ್ಚಿದಿರಿ ಎಂದು ಹೊರಗಿನ ಊರುಗಳ ಗೆಳೆಯರು ಫೋನು ಮಾಡಿದರು. ಬೈರಕೂರಿನಿಂದ ಒಬ್ಬರೂ ಬಂದು ಕೇಳಲಿಲ್ಲ. ಅವರ ಪಾಲಿಗೆ ಅದು ಎಂದೋ ಮುಚ್ಚಿತ್ತು.

ಆಮೇಲೆ ನಾನು ತೇರಹಳ್ಳಿಯ ಆದಿಮವನ್ನು ಬೇರೆ ಕಣ್ಣಿನಿಂದ ನೋಡಿದೆ. ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ದಿನಕ್ಕೊಂದು ರೂಪಾಯಿಯಂತೆ ಕೂಡಿಟ್ಟು ಮೊದಲಿಟ್ಟ ಕೆಲಸ ಅದು. ಅಂತರಗಂಗೆಯ ಮೇಲಿನ ಬೆಟ್ಟದಲ್ಲಿ ಹುಣ್ಣಿಮೆಯ ರಾತ್ರಿ ‘ಹುಣ್ಣಿಮೆ ಹಾಡು’ ನಡೆಯುತ್ತದೆ. ಹುಣ್ಣಿಮೆ ಯಾವ ಅತಿಥಿಗಾಗಿಯೂ ಮುಂದಕ್ಕೆ ಹೋಗುವುದಿಲ್ಲ. ಯಾವತ್ತೆಂದು ಕರಪತ್ರ ಓದಲಾರದ ಅಜ್ಜಿಗೂ ಗೊತ್ತು. ದಲಿತ ಚಳವಳಿಯಿಂದ ಬಂದವರು ಕಟ್ಟಿದ ಜಾಗವಾದ್ದರಿಂದ ತಮಟೆ ಅಲ್ಲಿ ಬಾಗಿಲಲ್ಲಿ ನಿಲ್ಲುವ ಪ್ರಶ್ನೆಯೇ ಇಲ್ಲ. ನೀನಾಸಂನ ತಿರುಗಾಟವೂ ನನಗೆ ಆಗ ಅರ್ಥವಾಯಿತು. ತಮ್ಮ ಸಭಾಂಗಣವನ್ನು ಹಿಗ್ಗಿಸುವ ಬದಲು ನಾಟಕವನ್ನೇ ಬೇರೆ ಊರುಗಳಿಗೆ ಕಳಿಸಿ, ಅಲ್ಲಿಯ ಜನ ಹೊಣೆ ಹೊತ್ತು ಆಡಿಸುವಂತೆ ಮಾಡಿದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿಂದ ಹಿಡಿದು ನಮ್ಮ ವೃತ್ತಿ ಕಂಪನಿಗಳು ಜನ ತೆಳುವಾದ ಕೂಡಲೇ ಕ್ಯಾಂಪು ಬದಲಿಸುತ್ತಿದ್ದವು. ನಾಟಕ ಜನರಿರುವ ಕಡೆ ಹೋಗುತ್ತಿತ್ತು. ನಾವು ಸಿಮೆಂಟಿನಲ್ಲಿ ಕಾಲು ಹೂತು ಜನ ಬರಲಿ ಎಂದು ಕಾದೆವು.

ರಂಗಕೇಂದ್ರ ಬೆಳೆಯುವುದೆಂದರೆ ಅದರ ಹೊಣೆ ಹೊರುವ ಮನೆಗಳು ಹೆಚ್ಚುವುದು. ಸೂರು, ಕುರ್ಚಿ, ಲೈಟು ಅದರ ಹಿಂದೆ ಬರಬೇಕು. ಮುಂದೆ ಬಂದರೆ ಅವುಗಳ ಖರ್ಚೇ ಯಜಮಾನನಾಗಿ ಕೂರುತ್ತದೆ. ನಾಟಕ ಯಾವಾಗ, ಯಾವ ಭಾಷೆಯಲ್ಲಿ, ಯಾರ ಎದುರು ಎಂಬುದನ್ನು ಅದೇ ತೀರ್ಮಾನಿಸುತ್ತದೆ.

ಇತ್ತೀಚೆಗೆ ನಮ್ಮ ಹೋಬಳಿಯ ಕೆಲವು ಹುಡುಗ ಹುಡುಗಿಯರು ಮತ್ತೆ ನಾಟಕ ಶುರುಮಾಡುತ್ತೇವೆಂದು ನನ್ನ ಬಳಿ ಬಂದರು. ನಾನು ಹಳೆಯ ಲೆಕ್ಕದ ಪುಸ್ತಕ ತೆಗೆದು ಮುಂದಿಟ್ಟೆ, ಯಾವುದನ್ನೂ ಮುಚ್ಚಿಡಲಿಲ್ಲ. ದಿನ ಗೊತ್ತುಮಾಡಿದರೆ ಮಂತ್ರಿ ಬಂದರೂ ಬದಲಿಸಬೇಡಿ ಎಂದೆ. ಡೈರಿಗೆ ಹಾಲು ಹೋದ ಮೇಲೆಯೇ ಶುರುಮಾಡಿ. ಬೀಗದ ಕೈ ಒಬ್ಬರ ಬಳಿ ಇರಕೂಡದು. ಒಂದು ಕೈ ಕೇರಿಯಲ್ಲಿರಲಿ, ಒಂದು ಕೈ ಹೆಂಗಸರ ಬಳಿ ಇರಲಿ. ಬರುವ ದುಡ್ಡಿನಲ್ಲಿ ಮೊದಲ ಪಾಲು ತಮಟೆಯವರದು, ಲೈಟಿನ ಬಾಡಿಗೆ ಆಮೇಲೆ. ಪಾತ್ರಧಾರಿ ದುಡ್ಡು ಹಾಕುವ ನಮ್ಮ ಹಿರಿಯರ ಪದ್ಧತಿಯನ್ನು ಹಾಗೆಯೇ ತರಬೇಡಿ, ಬಡವರ ಮಕ್ಕಳು ಹೊರಗುಳಿಯುತ್ತಾರೆ. ಮನೆಮನೆಯಿಂದ ಕೈಲಾದಷ್ಟು ಎತ್ತಿ. ರಾಗಿ ಕೊಟ್ಟರೂ ಬರೆದುಕೊಳ್ಳಿ. ಒಂದು ವರ್ಷದ ನಿತ್ಯದ ಖರ್ಚು ಕೈಯಲ್ಲಿಲ್ಲದೆ ಒಂದು ಶೀಟೂ ಏರಿಸಬೇಡಿ. ದೊಡ್ಡದಾಗಬೇಕೆನ್ನಿಸಿದಾಗ ಪಕ್ಕದ ಊರಿಗೆ ಹೋಗಿ ಆಡಿ.

ಗಡಿಯ ಈ ಸೀಮೆಗೆ ರಂಗಕೇಂದ್ರ ಬೇಕು ಎಂಬ ನನ್ನ ನಂಬಿಕೆ ಸೋಲಿನಿಂದ ಒಂದಿಷ್ಟೂ ಕುಗ್ಗಿಲ್ಲ. ಎರಡು ಭಾಷೆಯ ನಡುವೆ ಬೆಳೆಯುವ ಮಕ್ಕಳು ಎದೆಯೆತ್ತಿ ಮಾತಾಡಲು, ಊರೂ ಕೇರಿಯೂ ಒಂದೇ ಚಾಪೆಯಲ್ಲಿ ಕೂರಲು ನಾಟಕದಷ್ಟು ಒಳ್ಳೆಯ ನೆಪ ನನಗೆ ಬೇರೆ ಕಂಡಿಲ್ಲ. ಈ ಹೊಸಬರು ಕಟ್ಟಡದ ಮಾತನ್ನು ಇನ್ನೂ ಎತ್ತಿಲ್ಲ. ಎತ್ತಿದ ದಿನ ನಾನು ಅವರನ್ನು ತಡೆಯುವುದಿಲ್ಲ. ಒಂದೇ ಪ್ರಶ್ನೆ ಕೇಳುತ್ತೇನೆ: ನಾಳೆ ಇದು ನಿಂತುಹೋದರೆ, ಏಕೆ ನಿಲ್ಲಿಸಿದಿರಿ ಎಂದು ಈ ಊರಿನ ಎಷ್ಟು ಮನೆಯವರು ಬಂದು ನಿಮ್ಮನ್ನು ಕೇಳುತ್ತಾರೆ? ಅದಕ್ಕೆ ಮನೆಗಳ ಹೆಸರು ಹಿಡಿದು ಉತ್ತರ ಹೇಳಬಲ್ಲವರಾದರೆ ತಳಪಾಯ ತೋಡಲಿ, ಮೊದಲ ಚಂದಾ ನನ್ನದು.