ಮರಳ ದ್ವೀಪದಲ್ಲಿ ಎರಡು ರಾತ್ರಿ

ಪ್ರವಾಸದ ಸುಖದಲ್ಲಿ ಅರ್ಧಪಾಲು ಹೊರಡುವ ಮುನ್ನವೇ ಮುಗಿದಿರುತ್ತದೆಯೆಂದು ನಮ್ಮ ಭಾವನವರು ಹೇಳುವುದುಂಟು. ಉಳಿದರ್ಧ, ಮನೆಗೆ ಹಿಂದಿರುಗಿ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದರಲ್ಲಿದೆಯೆಂಬುದು ನನ್ನ ಅನುಭವ. ನಡುವೆ ಇರುವುದು ಬಿಸಿಲು, ಮರಳು ಮತ್ತು ಮರೆತುಬಂದ ಬೆಂಕಿಪೊಟ್ಟಣ. ಆದರೆ ಈ ಬಾರಿ ನಮ್ಮ ಸಂಸಾರ ಕೈಗೊಂಡ ಪ್ರವಾಸದಲ್ಲಿ ಸಿದ್ಧತೆಯೇ ಒಂದು ಪರ್ವವಾಯಿತು. ಅದರ ನಡುವೆ ಒಂದು ಧರ್ಮಸಂಕಟವೂ ಎದುರಾಯಿತು. ಓದುಗರಿಗೆ ಹೇಳಬೇಕೆನಿಸಿದ್ದು ಅದನ್ನೇ.

ನಮ್ಮ ಅಕ್ಕ-ಭಾವ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ನೆಲೆಸಿ ಹನ್ನೆರಡು ವರ್ಷಗಳಾದುವು. ಏಪ್ರಿಲ್ ತಿಂಗಳಿನಲ್ಲಿ ಅಮ್ಮ, ನನ್ನ ಹೆಂಡತಿ, ಎಂಟು ವರ್ಷದ ಮಗಳು ಮತ್ತು ನಾನು ಅವರ ಮನೆಗೆ ಹೋಗಿದ್ದೆವು. "ಕಟ್ಟಡಗಳನ್ನು ನೋಡಿದ್ದಾಯಿತು. ಈಗ ಒಂದು ದ್ವೀಪದಲ್ಲಿ ಡೇರೆ ಹಾಕಿ ಎರಡು ರಾತ್ರಿ ಮಲಗೋಣ" ಎಂದರು ಭಾವ.

ಗರಿ ಎಂಬ ಸ್ವರ್ಗ

ದ್ವೀಪದ ಹೆಸರು ಗರಿ. ರೋಮನ್ ಲಿಪಿಯಲ್ಲಿ ಮೊದಲಿಗೆ ಒಂದು 'ಕೆ' ಅಕ್ಷರವಿದ್ದರೂ ಅದು ಬಾಯಲ್ಲಿ ಬರುವುದಿಲ್ಲ. ನಮ್ಮ ಕಿವಿಗೆ ನವಿಲಿನ ಗರಿಯೆಂದಂತೆಯೇ ಕೇಳಿಸುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲಾ ಜನರ ನುಡಿಯಲ್ಲಿ ಅದಕ್ಕೆ ಸ್ವರ್ಗವೆಂದು ಅರ್ಥ. ಲೋಕವನ್ನು ರೂಪಿಸಲು ಬಂದ ಗರಿಯೆಂಬ ದೇವಕನ್ಯೆ, ತಾನೇ ನಿರ್ಮಿಸಿದ ಚೆಲುವಿಗೆ ಮನಸೋತು ಇಲ್ಲೇ ಉಳಿಯಬಯಸಿದಳಂತೆ. ಅವಳೇ ಈ ದ್ವೀಪವಾಗಿ ಪವಡಿಸಿದ್ದಾಳೆಂಬುದು ಅವರ ನಂಬಿಕೆ. 1836ರಲ್ಲಿ ಹಡಗೊಡೆದು ಇಲ್ಲಿಗೆ ಬಂದು ಸೇರಿದ ಒಬ್ಬ ಕಪ್ತಾನನ ಹೆಂಡತಿಯ ಮೂಲಕ ಈ ನೆಲಕ್ಕೆ ಫ್ರೇಸರ್ ದ್ವೀಪವೆಂಬ ಹೆಸರು ಅಂಟಿಕೊಂಡಿತ್ತು. 2023ರ ಜೂನ್ ತಿಂಗಳಿನಲ್ಲಿ ಹಳೆಯ ಹೆಸರು ಅಧಿಕೃತವಾಗಿ ಮರಳಿ ಬಂದಿತು.

ಉದ್ದ ಸುಮಾರು 123 ಕಿಲೋಮೀಟರ್, ಅಗಲ ಹೆಚ್ಚೆಂದರೆ 22. ಉತ್ತರದ ಕಡೆಯ ಎರಡು ಮೂರು ಬಂಡೆಗಳನ್ನು ಬಿಟ್ಟರೆ ಕಣ್ಣಿಗೆ ಕಾಣುವುದೆಲ್ಲ ಮರಳೇ. ಲೋಕದಲ್ಲಿಯೇ ಅತಿ ದೊಡ್ಡದಾದ ಮರಳ ದ್ವೀಪವಿದು. 1992ರಲ್ಲಿ ವಿಶ್ವಪರಂಪರೆಯ ತಾಣಗಳ ಸಾಲಿಗೆ ಸೇರಿತು. ದಕ್ಷಿಣದ ನದಿಗಳು ಕಡಲಿಗೆ ತಂದು ಸುರಿದ ಮರಳನ್ನು ತೆರೆಗಳೂ ಗಾಳಿಯೂ ಲಕ್ಷಾಂತರ ವರ್ಷ ಹೊತ್ತು ತಂದು ಇಲ್ಲಿ ಗುಡ್ಡೆ ಹಾಕಿವೆ. ಮರಳೆಂದೊಡನೆ ಮರುಭೂಮಿಯನ್ನು ನೆನೆಯುವವರು ಇಲ್ಲಿ ಬೆರಗಾಗಬೇಕು. ಒಣಗಿದೆಲೆಗಳೂ ಸೂಕ್ಷ್ಮವಾದ ಶಿಲೀಂಧ್ರಗಳೂ ಕೂಡಿ ಒದಗಿಸುವ ಸಾರವನ್ನೇ ಹೀರಿ ಮುಗಿಲೆತ್ತರದ ಮಳೆಕಾಡು ಬೆಳೆದಿದೆ. ಮರಳ ದಿಬ್ಬಗಳ ನೆತ್ತಿಯ ಮೇಲೆ, ಕೊಳೆತೆಲೆಗಳು ಬೆಸೆದ ತಳದಲ್ಲಿ, ಬರಿಯ ಮಳೆನೀರು ನಿಂತು ಸಿಹಿನೀರಿನ ಸರೋವರಗಳಾಗಿವೆ. ಲೋಕದಲ್ಲಿರುವ ಇಂಥ ಸರೋವರಗಳಲ್ಲಿ ಅರ್ಧದಷ್ಟು ಇಲ್ಲಿಯೇ ಇವೆ.

ಕಡಲಿನ ಪಂಚಾಂಗ

ಊಟವಾದ ಮೇಲೆ ಭಾವ ಮೇಜಿನ ಮೇಲೆ ಎರಡು ಕಾಗದಗಳನ್ನು ಹರಡಿದರು. ಒಂದು ದ್ವೀಪದ ನಕ್ಷೆ. ಇನ್ನೊಂದು ಸಮುದ್ರದ ಉಬ್ಬರ-ಇಳಿತಗಳ ವೇಳಾಪಟ್ಟಿ. ದ್ವೀಪದಲ್ಲಿ ಡಾಂಬರು ರಸ್ತೆಯೆಂಬುದಿಲ್ಲ. ಮೂಡಣ ತೀರದ 'ಸೆವೆಂಟಿ-ಫೈವ್ ಮೈಲ್ ಬೀಚ್' ಎಂಬ ಮರಳ ಪಟ್ಟಿಯೇ ಹೆದ್ದಾರಿ. ಅದಕ್ಕೆ ಗಂಟೆಗೆ 80 ಕಿಲೋಮೀಟರಿನ ವೇಗಮಿತಿಯುಂಟು, ಪೋಲೀಸರ ಕಾವಲುಂಟು. ಸಣ್ಣ ವಿಮಾನಗಳು ಬಂದು ಇಳಿಯುವುದೂ ಅಲ್ಲಿಯೇ. ಆದರೆ ಈ ಹೆದ್ದಾರಿಯನ್ನು ಸಮುದ್ರರಾಜನು ದಿನಕ್ಕೆರಡು ಬಾರಿ ಮುಚ್ಚಿ ತೆರೆಯುತ್ತಾನೆ. ತುಂಬು ಉಬ್ಬರಕ್ಕೆ ಎರಡು ಗಂಟೆ ಮುಂಚೆಯಿಂದ ಎರಡು ಗಂಟೆ ಅನಂತರದವರೆಗೆ ಅಲ್ಲಿ ವಾಹನ ನಡೆಸುವುದು ಅವಿವೇಕ. ಮೆದು ಮರಳಿನಲ್ಲಿ ಚಕ್ರ ಹೂತರೆ ಉಪ್ಪುನೀರು ಬಂದು ಮುತ್ತಿಕೊಳ್ಳುತ್ತದೆ.

"ಅಂದರೆ ದಿನಕ್ಕೆ ಎರಡು ರಾಹುಕಾಲ, ಒಂದೊಂದೂ ನಾಲ್ಕು ಗಂಟೆ" ಎಂದರು ಅಮ್ಮ.

ಅಮ್ಮನಿಗೆ ಈ ಪಟ್ಟಿ ನಮಗೆಲ್ಲರಿಗಿಂತ ಬೇಗ ಅರ್ಥವಾಯಿತು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಕಡಲು ಹೆಚ್ಚು ಉಕ್ಕುವುದೆಂದೂ, ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ-ಇಳಿತಗಳ ಅಂತರ ಕಡಿಮೆಯೆಂದೂ ಅವರು ಬಲ್ಲರು. ಮೈಸೂರಿನಿಂದ ತಂದಿದ್ದ ಪಂಚಾಂಗವನ್ನು ಪೆಟ್ಟಿಗೆಯಿಂದ ತೆಗೆದು ತಿಥಿ ಹೇಳುತ್ತ ಹೋದರು. ಭಾವ ಅತ್ತ ವೇಳಾಪಟ್ಟಿಯಲ್ಲಿ ಬೆರಳಾಡಿಸಿದರು. ಎರಡೂ ಒಂದೇ ಮಾತು ಹೇಳಿದುವು. ಅಷ್ಟಮಿಯ ದಿನ ಬೆಳಗಿನ ಎಂಟೂವರೆಯ ಇಳಿತಕ್ಕೆ ಸರಿಯಾಗಿ ದ್ವೀಪ ಮುಟ್ಟುವುದೆಂದು ನಿಶ್ಚಯವಾಯಿತು. ಅಷ್ಟಮಿಯಂದು ಪ್ರಯಾಣವೇ ಎಂದು ಅಕ್ಕ ರಾಗ ತೆಗೆದಳು. "ಸಮುದ್ರ ದಾಟಿ ಬಂದವರಿಗೆ ಅದರ ಲೆಕ್ಕವೇ ಮುಖ್ಯ" ಎಂದು ಅಮ್ಮನೇ ತೀರ್ಪು ಕೊಟ್ಟರು.

ಕೊಂಡೊಯ್ಯುವುದೇನು, ಬಿಡುವುದೇನು?

ವಾಹನಕ್ಕೆ ಒಂದು ಪರವಾನಗಿ, ಬಿಡಾರಕ್ಕೆ ಇನ್ನೊಂದು. ಎರಡನ್ನೂ ಮುಂಗಡವಾಗಿ ಪಡೆಯಬೇಕು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಸಿಗುವ, ನೆಲದಿಂದ ಎತ್ತರವಾಗಿರುವ ವಾಹನವೇ ಬೇಕು. ಭಾವನ ವಾಹನ ಅಂಥದ್ದೇ. ಟಯರಿನ ಗಾಳಿಯನ್ನು ಅರ್ಧದಷ್ಟು ಇಳಿಸಿಬಿಟ್ಟರೆ ಅದು ಒಂಟೆಯ ಪಾದದಂತೆ ಅಗಲವಾಗಿ ಮರಳಿನ ಮೇಲೆ ನಿಲ್ಲುತ್ತದೆ. ಹಿಂದಿರುಗಿ ಡಾಂಬರು ರಸ್ತೆ ಹತ್ತುವಾಗ ಮತ್ತೆ ಗಾಳಿ ತುಂಬಲು ಒಂದು ಪಂಪು, ಹೂತ ಚಕ್ರವನ್ನು ತೋಡಿ ತೆಗೆಯಲು ಒಂದು ಸನಿಕೆ, ಎಳೆಯಲು ಗಟ್ಟಿಯಾದ ಪಟ್ಟಿ. ಇಷ್ಟು ಭಾವನ ಪಟ್ಟಿ.

ಅಕ್ಕನ ಪಟ್ಟಿಯಲ್ಲಿ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ, ಅವಲಕ್ಕಿ, ಐಸ್ ಪೆಟ್ಟಿಗೆಯಲ್ಲಿ ಮೊಸರು. ತಲೆಗೆ ದಿನಕ್ಕೆ ಐದಾರು ಲೀಟರಿನ ಲೆಕ್ಕದಲ್ಲಿ ಕುಡಿಯುವ ನೀರು. ಸೌದೆಯ ಒಲೆಯ ಆಸೆಯನ್ನು ಮೊದಲೇ ಬಿಡಬೇಕಾಯಿತು. 2020ರ ಅಕ್ಟೋಬರಿನಲ್ಲಿ ಯಾರೋ ನಿಯಮ ಮೀರಿ ಹಚ್ಚಿದ ಒಂದು ಬಿಡಾರದ ಬೆಂಕಿ ಡಿಸೆಂಬರಿನವರೆಗೆ ಉರಿದು ದ್ವೀಪದ ಅರ್ಧಕ್ಕೂ ಹೆಚ್ಚು ಭಾಗವನ್ನು ಸುಟ್ಟಿತ್ತು. ಗೊತ್ತುಮಾಡಿದ ಒಂದೆರಡು ಕಡೆ ಹೊರತು ಬೆಂಕಿ ಕೂಡದು. ಕಾಡಿನ ಒಂದು ಪುಳ್ಳೆಯನ್ನೂ ಆರಿಸಕೂಡದು. ಆದುದರಿಂದ ಗ್ಯಾಸಿನ ಸಣ್ಣ ಒಲೆ.

ಬುಚುಲ್ಲಾ ಜನರ ಹಿರಿಯರು ಪಾಲಿಸಿಕೊಂಡು ಬಂದ ಕಟ್ಟಳೆಗಳು ಮೂರು: ನೆಲದ ಹಿತವೇ ಮೊದಲು, ನಿನ್ನದಲ್ಲದ್ದನ್ನು ಮುಟ್ಟಬೇಡ, ಸಮೃದ್ಧಿಯಿದ್ದರೆ ಹಂಚಿಕೋ. ಭಾವ ಇವನ್ನು ಹೇಳಿದಾಗ ಮೂರನೆಯದಕ್ಕೆ ಅಮ್ಮ ತಲೆದೂಗಿದರು. ಆ ಬಳಿಕ ನಾಯಿಯ ಮಾತು ಬಂದಿತು.

ಒಂದು ತುತ್ತಿನ ವಿಚಾರ

ದ್ವೀಪದಲ್ಲಿ ಸುಮಾರು 200 ಕಾಡುನಾಯಿಗಳಿವೆ. ಇಂಗ್ಲಿಷಿನವರು ಡಿಂಗೊ ಎನ್ನುತ್ತಾರೆ; ಬುಚುಲ್ಲಾ ಜನರಿಗೆ ಅದು ವೊಂಗಾರಿ. ಮಕ್ಕಳನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳಬೇಕು; ಒಬ್ಬೊಬ್ಬರೇ ತಿರುಗಬಾರದು, ಕೈಯಲ್ಲಿ ಕೋಲಿರಬೇಕು. ಎದುರಾದರೆ ಓಡದೆ, ನೆಟ್ಟಗೆ ನಿಂತು, ಕೈಕಟ್ಟಿ, ಅದರ ಕಡೆಗೇ ಮುಖವಿಟ್ಟು ಮೆಲ್ಲನೆ ಹಿಂದೆ ಸರಿಯಬೇಕು. ಆಹಾರ ಮಾತ್ರವಲ್ಲ, ವಾಸನೆಯುಳ್ಳ ಸೋಪು, ಟೂತ್‌ಪೇಸ್ಟುಗಳನ್ನೂ ವಾಹನದಲ್ಲಿಟ್ಟು ಬೀಗ ಹಾಕಬೇಕು. ಎಲ್ಲಕ್ಕಿಂತ ಮಿಗಿಲಾದ ನಿಯಮ: ಅದಕ್ಕೆ ಒಂದು ಅಗುಳನ್ನೂ ಹಾಕತಕ್ಕದ್ದಲ್ಲ. ಹಾಕಿದರೆ ದಂಡ ಸಾವಿರಾರು ಡಾಲರು.

ಅಮ್ಮನ ಮುಖ ಬಾಡಿತು. ನಮ್ಮ ಮನೆಯಲ್ಲಿ ಅವರು ಊಟಕ್ಕೆ ಕುಳಿತುಕೊಳ್ಳುವ ಮುನ್ನ ಕಾಂಪೌಂಡಿನ ಗೋಡೆಯ ಮೇಲೆ ಕಾಗೆಗೊಂದು ತುತ್ತು, ಗೇಟಿನ ಬಳಿ ಬೀದಿಯ ಕೆಂಚನಿಗೊಂದು ಹಿಡಿ ಇಡದೆ ಇದ್ದ ದಿನವನ್ನು ನಾನು ಕಂಡಿಲ್ಲ. ಅಪ್ಪ ತೀರಿಕೊಂಡ ಮೇಲೆ ಈ ನೇಮ ಇನ್ನಷ್ಟು ಗಟ್ಟಿಯಾಗಿತ್ತು.

"ಹಸಿದ ಪ್ರಾಣಿ ಎದುರಿಗೆ ನಿಂತಿರುವಾಗ ಒಂದು ತುತ್ತು ಹಾಕಬಾರದ ಕಡೆ ಕೂತು ಊಟ ಮಾಡೋದು ನನ್ನಿಂದಾಗೋದಿಲ್ಲ. ನೀವೆಲ್ಲ ಹೋಗಿಬನ್ನಿ; ನಾನು ಮನೆ ನೋಡಿಕೋತೀನಿ" ಎಂದರು.

ಎಂ.ಎ. ಪದವೀಧರನಾದ ನಾನು ಸುಮ್ಮನಿರದೆ, "ಸ್ವರ್ಗದ ಬಾಗಿಲಿನಲ್ಲಿ ಧರ್ಮರಾಯ ನಾಯಿಯನ್ನು ಬಿಟ್ಟು ಒಳಗೆ ಹೋಗಲೊಲ್ಲೆ ಎಂದ ಹಾಗಾಯಿತು" ಎಂದು ನಗಿಸಲು ಹೋದೆ. ಯಾರೂ ನಗಲಿಲ್ಲ.

ಭಾವ ತಾಳ್ಮೆಯಿಂದ ಹೇಳಿದರು: "ಅತ್ತೆ, ಅವು ಹಸಿದು ಸಾಯೋ ನಾಯಿಗಳಲ್ಲ. ಬೇಟೆಯಾಡಿ, ಮೀನು ಹುಡುಕಿ ಬದುಕೋವು. ಜನ ಕನಿಕರದಿಂದ ತುತ್ತು ಹಾಕಿದರೆ ಅದಕ್ಕೆ ಮನುಷ್ಯರ ಭಯ ಹೋಗುತ್ತೆ. ಮಾರನೆಯ ದಿನ ಇನ್ನೊಬ್ಬರ ಹತ್ತಿರ ತುತ್ತು ಕೇಳುತ್ತೆ; ಕೊಡದೆ ಇದ್ದರೆ ಕಚ್ಚುತ್ತೆ. 2001ರಲ್ಲಿ ಒಂಬತ್ತು ವರ್ಷದ ಹುಡುಗ ಒಬ್ಬ ಹಾಗೆ ನಾಯಿಗಳ ಬಾಯಿಗೆ ಸಿಕ್ಕಿ ತೀರಿಕೊಂಡ. ಆಮೇಲೆ ಮೂವತ್ತಕ್ಕೂ ಹೆಚ್ಚು ನಾಯಿಗಳನ್ನು ಕೊಂದರು. ಈಗಲೂ ಮೈಮೇಲೆ ಬೀಳೋ ಅಭ್ಯಾಸವಾದ ನಾಯಿಯನ್ನು ಉಳಿಸೋದು ಕಷ್ಟ."

ನನ್ನ ಹೆಂಡತಿ ಮಗಳನ್ನು ಹತ್ತಿರಕ್ಕೆಳೆದುಕೊಂಡಳು. ಹೋಗುವುದೇ ಬೇಡವೇನೋ ಎಂದು ನನಗೂ ಆ ಕ್ಷಣದಲ್ಲಿ ಅನ್ನಿಸಿತು. ಅಮ್ಮ ಏನೂ ಹೇಳದೆ ಮಲಗಲು ಎದ್ದು ಹೋದರು. ಬೆಳಗ್ಗೆ ನಾನು ಕಾಫಿಗೆಂದು ಹೋದಾಗ ಅಡಿಗೆಮನೆಯಲ್ಲಿ ಅಕ್ಕನನ್ನು ಕೇಳುತ್ತಿದ್ದರು: "ಆ ಅವಲಕ್ಕಿ ಡಬ್ಬಿ ಇಡೋ ಪೆಟ್ಟಿಗೆಗೆ ಗಟ್ಟಿಯಾದ ಬೀಗ ಇದೆಯೇನೇ?"

ಮಗಳಿರುವುದರಿಂದ, ನಾಯಿ ನುಗ್ಗದಂತೆ ಬೇಲಿ ಹಾಕಿರುವ ದುಂಡುಬರ ಎಂಬ ಬಿಡಾರವನ್ನೇ ಗೊತ್ತುಮಾಡಿದೆವು.

ದ್ವೀಪದಲ್ಲಿ

ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಸುಮಾರು 240 ಕಿಲೋಮೀಟರ್ ಉತ್ತರಕ್ಕೆ ಸಾಗಿ, ಇನ್‌ಸ್ಕಿಪ್ ಎಂಬ ಮರಳಿನ ಮೂತಿ ತಲಪಿದೆವು. ಟಯರುಗಳು ನಿಟ್ಟುಸಿರುಬಿಟ್ಟುವು. ವಾಹನಸಮೇತ ನಮ್ಮನ್ನು ಹೊತ್ತ ಚಪ್ಪಟೆ ದೋಣಿ ಕಾಲು ಗಂಟೆಯೊಳಗೆ ಆಚೆ ದಡದಲ್ಲಿಳಿಸಿತು. ಎಡಗಡೆ ದಿಬ್ಬ, ಬಲಗಡೆ ಬಿಳಿನೊರೆ, ನಡುವೆ ಒದ್ದೆ ಮರಳಿನ ರಾಜಬೀದಿ. ಈ ಕಡಲು ನೋಡಲಷ್ಟೆ. ಸೆಳೆತವೂ ಶಾರ್ಕ್ ಮೀನುಗಳೂ ಇರುವುದರಿಂದ ಈಜಬಾರದು. ಮಗಳ ನಿರಾಶೆಯನ್ನು ಈಲೈ ತೊರೆ ಕಳೆಯಿತು: ಮರಳಿನಿಂದ ಸೋಸಿ ಬರುವ ತಿಳಿನೀರು, ಮಕ್ಕಳನ್ನು ತೇಲಿಸಿಕೊಂಡೇ ಕಡಲಿನತ್ತ ಒಯ್ಯುತ್ತದೆ. ಇನ್ನೂ ಮುಂದೆ, 1935ರ ಚಂಡಮಾರುತದಲ್ಲಿ ದಡಕ್ಕೆ ಬಿದ್ದ ಮಹೇನೊ ಹಡಗಿನ ತುಕ್ಕು ಹಿಡಿದ ಅಸ್ಥಿಪಂಜರ. ಗುಜರಿಗೆಂದು ಜಪಾನಿಗೆ ಎಳೆದೊಯ್ಯುತ್ತಿದ್ದಾಗ ಅದು ಹಗ್ಗ ಹರಿದುಕೊಂಡು ಇಲ್ಲಿಯೇ ನೆಲೆಯೂರಿತಂತೆ.

ಮರುದಿನ ಇಂಡಿಯನ್ ಹೆಡ್ ಎಂಬ ಬಂಡೆಯ ಚಾಚನ್ನು ದೂರದಿಂದ ಕಂಡೆವು. "ನಮ್ಮವರು ಇಲ್ಲಿದ್ದರೇ?" ಎಂದು ಮಗಳು ಕೇಳಿದಳು. 1770ರಲ್ಲಿ ಕಪ್ತಾನ ಕುಕ್ ಅದರ ಮೇಲೆ ನೆರೆದಿದ್ದ ಮೂಲನಿವಾಸಿಗಳನ್ನು ಹಡಗಿನಿಂದ ನೋಡಿ, ಅಂದಿನ ಐರೋಪ್ಯರ ವಾಡಿಕೆಯಂತೆ ಇಂಡಿಯನ್ನರೆಂದು ಕರೆದನೆಂದು ವಿವರಿಸಿದೆ. "ಹೆಸರು ಕೇಳಿದ್ದರೆ ಹೇಳುತ್ತಿದ್ದರಲ್ಲ" ಎಂದಳು.

ಅದೇ ಮಧ್ಯಾಹ್ನ ಬಿಡಾರದಲ್ಲಿ ಮೊಸರನ್ನದ ತಟ್ಟೆ ಹಿಡಿದು ಕುಳಿತಿದ್ದಾಗ ಬೇಲಿಯಾಚೆ ಅದು ಬಂದಿತು. ಜೇನಿನ ಬಣ್ಣ, ಬಿಳಿಯ ಪಾದ, ನೆಟ್ಟಗಿನ ಕಿವಿ. ನಮ್ಮ ಬೀದಿಯ ಕೆಂಚನೇ ಸ್ವಲ್ಪ ತೆಳ್ಳಗಾಗಿ ಬಂದಂತಿತ್ತು. ಬೊಗಳಲಿಲ್ಲ, ಬಾಲವಾಡಿಸಲಿಲ್ಲ. ಅಮ್ಮನ ಕೈ ರೂಢಿಯಂತೆ ಮೊದಲ ತುತ್ತನ್ನು ಬೇರೆ ತೆಗೆದಿತ್ತು. ಆ ಕೈ ಗಾಳಿಯಲ್ಲಿ ನಿಂತುದನ್ನು ನಾವೆಲ್ಲರೂ ನೋಡಿದೆವು, ಯಾರೂ ಮಾತಾಡಲಿಲ್ಲ. ಅದು ಅಮ್ಮನನ್ನು ಒಮ್ಮೆ ನೋಡಿ, ಅಗತ್ಯವೇನೂ ಇಲ್ಲದವರಂತೆ ಮುಖ ತಿರುಗಿಸಿ, ದಿಬ್ಬದ ಹುಲ್ಲಿನೊಳಗೆ ನಡೆದುಹೋಯಿತು. ಅಮ್ಮ ಆ ತುತ್ತನ್ನು ತಾವೇ ಉಂಡರು. ಕಣ್ಣಿನಲ್ಲಿ ನೀರಿತ್ತು, ಹೊಗೆಯೆನ್ನಲು ಒಲೆಯೂ ಗ್ಯಾಸಿನದು.

ರಾತ್ರಿ ಡೇರೆಯ ಬಾಯಲ್ಲಿ ಕುಳಿತು ನಕ್ಷತ್ರ ನೋಡುತ್ತಿದ್ದಾಗ ಅವರೇ ಮಾತು ತೆಗೆದರು: "ಅವತ್ತು ಏನೋ ಧರ್ಮರಾಯನ ಕಥೆ ಹೇಳಿದೆಯಲ್ಲ. ಅಷ್ಟು ದೂರವೂ ಅವನು ಆ ನಾಯಿಗೆ ಏನು ಹಾಕಿದ ಅಂತ ಬರೆದಿದೆ?"

ನಾನು ಯೋಚಿಸಿದೆ. ಹಾಕಿದನೆಂದು ಓದಿದ ನೆನಪಾಗಲಿಲ್ಲ.

"ಜೊತೆಗೆ ನಡೆಯಿತು, ಅವನು ಅಟ್ಟಲಿಲ್ಲ. ಅಷ್ಟೇ ಅಲ್ಲವೇನೋ?"

ಇಷ್ಟು ವರ್ಷ ತರಗತಿಯಲ್ಲಿ ಆ ಪ್ರಸಂಗವನ್ನು ಪಾಠ ಹೇಳಿದ ನನಗೆ ಈ ಮಾತು ಹೊಳೆದಿರಲಿಲ್ಲ.

ಮೂರನೆಯ ದಿನ ಇಳಿತಕ್ಕೆ ಸರಿಯಾಗಿ, ಕಸವನ್ನೆಲ್ಲ ಕಟ್ಟಿಕೊಂಡು ಹೊರಟೆವು. ಮರಳು ಮಾತ್ರ ನಮ್ಮನ್ನು ಬಿಡಲಿಲ್ಲ. ಮೈಸೂರಿಗೆ ಬಂದು ಪೆಟ್ಟಿಗೆ ಬಿಚ್ಚಿದಾಗ ಪಂಚಾಂಗದ ಹಾಳೆಗಳ ನಡುವಿನಿಂದ ಒಂದು ಚಿಟಿಕೆ ಉದುರಿತು. ಕಾಗೆಗೆ ತುತ್ತು, ಕೆಂಚನಿಗೆ ಹಿಡಿಯನ್ನ ಮತ್ತೆ ಮೊದಲಾಗಿವೆ. ಪಕ್ಕದ ಮನೆಯವರಿಗೆ ಅಮ್ಮ ದ್ವೀಪದ ಕಥೆ ಹೇಳುವಾಗ ಸರೋವರವೂ ಇಲ್ಲ, ಹಡಗೂ ಇಲ್ಲ.

"ನಾಯಿ ನಮ್ಮ ಕೆಂಚನ ಹಾಗೇ ಇತ್ತು ಕಣ್ರೀ. ಆದರೆ ಅದಕ್ಕೆ ಯಾರ ಹಂಗೂ ಇಲ್ಲ" ಎನ್ನುತ್ತಾರೆ.